ಬೆಳ್ಳಪ್ಪನವರ ನಾಲಿಗೆ

ಹೆಂಡತಿ ದಾನ ಮಾಡಿದಳೆಂದು ಯಾವ ಗಂಡನೂ ಎದೆ ಬಡಿದುಕೊಳ್ಳುವುದಿಲ್ಲ. ಆದರೆ ಆ ಭಾನುವಾರ ಬೆಳಿಗ್ಗೆ ಹೊಸನಗರದ ಶಿವರಾಮ ಸ್ನಾನ ಮುಗಿಸಿ, ಟವೆಲ್ ಸುತ್ತಿಕೊಂಡು ಅಡುಗೆಮನೆಗೆ ಬಂದವನು, ಮೂಲೆಯಲ್ಲಿ ಉಪ್ಪಿನಕಾಯಿ ಭರಣಿ ಇದ್ದ ಜಾಗ ಖಾಲಿಯಾಗಿದ್ದನ್ನು ಕಂಡು ನಿಜವಾಗಿಯೂ ಎದೆ ಬಡಿದುಕೊಂಡ.

"ಇಲ್ಲಿದ್ದ ಭರಣಿ ಎಲ್ಲೇ?"

"ಕಾಲೇಜು ಮಕ್ಕಳು ಬಂದಿದ್ರು, ಕೊಟ್ಟೆ," ಎಂದಳು ಸುಮನಾ, ದೋಸೆ ಮಗುಚುತ್ತ. "ಅದೇ, ಚಿಗುರು ಬಳಗದವರು. ಉಬ್ಬಸ ಬರೋ ಮಕ್ಕಳಿಗೆ ಹಬೆ ಕೊಡೋ ಮಷೀನು ತರ್ತಾರಂತೆ, ಹಳ್ಳಿ ಆಸ್ಪತ್ರೆಗಳಿಗೆ. ಅದಕ್ಕೇ ಇವತ್ತು ಕಾಲೇಜಲ್ಲಿ ಉಪ್ಪಿನಕಾಯಿ ಮೇಳ. ಮನೆಗೊಂದು ಭರಣಿ ಕೇಳಿದ್ರು."

"ನಿಂಬೆಕಾಯಿದು ಕೊಡಬಹುದಿತ್ತಲ್ಲ!"

"ಮಕ್ಕಳ ಕೆಲಸ ಅಂದ್ಮೇಲೆ ಮನೇಲಿರೋ ಒಳ್ಳೇದನ್ನೇ ಕೊಡಬೇಕು. ಅಪ್ಪೆಮಿಡಿದೇ ಕೊಟ್ಟೆ. ನಿಮ್ಮ ಹೆಸರೇ ಬರೆಸಿದೀನಿ. ಇನ್ನೊಂದು ದೋಸೆ ಹಾಕ್ಲಾ?"

ಶಿವರಾಮನಿಗೆ ದೋಸೆ ಬೇಡವಾಗಿತ್ತು. ಭೂಮಿ ಬಾಯಿಬಿಟ್ಟು ನುಂಗಿದ್ದರೆ ಸಾಕಾಗಿತ್ತು.

ಆ ಮಾವಿನಮಿಡಿಯ ಕತೆ ಸುಮನಾಗೆ ಗೊತ್ತಿರಲಿಲ್ಲ. ಕಳೆದ ಬೇಸಿಗೆಯಲ್ಲಿ 'ಸ್ನೇಹಿತರು ಕೊಟ್ಟರು' ಎಂದು ಹೇಳಿ ಅವನು ಚೀಲ ತಂದಿಳಿಸಿದ್ದ. ಕೊಟ್ಟವರು ಯಾರೂ ಇರಲಿಲ್ಲ. ಮಿಡಿ ಕೊಯ್ಯುವ ನಿಂಗಪ್ಪನ ಕೈಗೆ ಒಂದಿಷ್ಟು ದುಡ್ಡು ತುರುಕಿ, ಬೆಳ್ಳಪ್ಪನವರ ಹೊಳೆಬದಿಯ ಮರದಿಂದ ಕದ್ದು ಇಳಿಸಿ ತಾ ಎಂದು ಕಳಿಸಿದ್ದ. ಹೊಸನಗರ, ಸಾಗರ, ತೀರ್ಥಹಳ್ಳಿ ಈ ಮೂರು ತಾಲೂಕಿನಲ್ಲಿ ಬ್ಯಾಂಕಿನಲ್ಲಿ ಚಿನ್ನ ಇಟ್ಟವನು ನೆಮ್ಮದಿಯಾಗಿ ನಿದ್ದೆ ಮಾಡುತ್ತಾನೆ. ಜೀರಿಗೆ ಪರಿಮಳದ ಒಳ್ಳೆಯ ಮಿಡಿ ಬಿಡುವ ಮರ ಇದ್ದವನಿಗೆ ಮಾತ್ರ ಮಿಡಿಗಾಲ ಮುಗಿಯುವವರೆಗೆ ನಿದ್ದೆಯಿಲ್ಲ. ಮರ ಎಲ್ಲಿದೆಯೆಂದು ಸ್ವಂತ ಅಳಿಯನಿಗೂ ಹೇಳುವುದಿಲ್ಲ. ಬೆಳ್ಳಪ್ಪನವರ ಮರದ ಗ್ರಹಚಾರವೇನೆಂದರೆ ಅದು ಎಲ್ಲರಿಗೂ ಗೊತ್ತಿತ್ತು. ಪ್ರತಿವರ್ಷ ಅವರು ಕೊಯ್ಲಿಗೆ ಹೋಗುವಷ್ಟರಲ್ಲಿ ಕೊಂಬೆಗಳು ಬೋಳಾಗಿರುತ್ತಿದ್ದವು.

ಇದರಲ್ಲಿ ಭಯಪಡುವಂಥದ್ದು ಅವರ ಮರವಲ್ಲ, ಅವರ ನಾಲಿಗೆ. ಒಂದು ಮಿಡಿ ಕಚ್ಚಿದರೆ ಸಾಕು, ಯಾವ ಊರಿನ ಯಾವ ಮರದ್ದು ಎಂದು ಬೆಳ್ಳಪ್ಪನವರು ಹೇಳಿಬಿಡುತ್ತಿದ್ದರು. ಮದುವೆಮನೆಗಳಲ್ಲಿ ಎಲೆಯ ತುದಿಗೆ ಮಿಡಿ ಬಿದ್ದ ತಕ್ಷಣ ಪಾಯಸವನ್ನೂ ಬಿಟ್ಟು ಮೊದಲು ಅದನ್ನೇ ಕಚ್ಚುತ್ತಿದ್ದರು. "ನನ್ನ ಮಿಡಿ ಕದ್ದೋನು ಒಂದಲ್ಲ ಒಂದು ದಿನ ನನಗೇ ಬಡಿಸ್ತಾನೆ. ಅವತ್ತು ಐತೆ ಅವನಿಗೆ," ಎಂದು ಅಕ್ಕಪಕ್ಕದ ಎಲೆಯವರಿಗೆ ಹೇಳುತ್ತಿದ್ದರು. ಅಕ್ಕಪಕ್ಕದವರಲ್ಲಿ ಕೆಲವರಿಗೆ ಆಮೇಲೆ ಊಟ ಸೇರುತ್ತಿರಲಿಲ್ಲ.

ಹಾಗಿದ್ದ ಬೆಳ್ಳಪ್ಪನವರೇ ಶಿವರಾಮ ಕೆಲಸ ಮಾಡುವ ಸೊಸೈಟಿಯ ಅಧ್ಯಕ್ಷರು. ವರ್ಷಗಟ್ಟಲೆ ಟೆಂಪರರಿಯಾಗಿ ಅಕ್ಕಿ ಅಳೆದು, ಗೊಬ್ಬರದ ಮೂಟೆ ಹೊತ್ತು, ಶಿವರಾಮನ ತಲೆ ಅರ್ಧ ನರೆತಿತ್ತು. ಈಗ ಒಂದು ಖಾಯಂ ಕೆಲಸ ಬಂದಿತ್ತು. ಟೆಂಪರರಿಗಳು ಇಬ್ಬರು: ಅವನು ಮತ್ತು ಎದುರುಮನೆಯ ರಾಘವೇಂದ್ರ. ನಾಳೆ ಸೋಮವಾರದ ಸಭೆಯಲ್ಲಿ ಇಬ್ಬರಲ್ಲಿ ಯಾರು ಎಂದು ಅಧ್ಯಕ್ಷರು ಹೇಳಬೇಕಿತ್ತು. 'ಶಿವರಾಮ ನಂಬಿಗಸ್ತ' ಎಂದು ಅವರು ಯಾರ ಬಳಿಯೋ ಅಂದರಂತೆ ಎಂಬ ಸುದ್ದಿ ಕೇಳಿ ಸುಮನಾ ಹೊಸ ಕುಕ್ಕರಿನ ಬೆಲೆಯನ್ನೂ ವಿಚಾರಿಸಿಕೊಂಡು ಬಂದಿದ್ದಳು.

"ಮೇಳಕ್ಕೆ ಅಧ್ಯಕ್ಷರು ಬರ್ತಾರಾ?" ಎಂದು ಶಿವರಾಮ ಕೇಳಿದ.

"ಬರದೆ? ಒಂದೊಂದು ಭರಣಿದೂ ರುಚಿ ನೋಡಿ ಮರ ಹೇಳೋದೇ ಅವರು. ಹಂಗೆ ಹೇಳಿದ್ರೆ ಜನ ಮುಗಿಬಿದ್ದು ತಗೊಳ್ತಾರಂತೆ."

ಶಿವರಾಮ ಅಂಗಿಯ ಗುಂಡಿ ಹಾಕಿಕೊಂಡದ್ದು ಸ್ಕೂಟರ್ ಮೇಲೆ ಕೂತಮೇಲೆ.

ಗೇಟಿನಲ್ಲಿ ಕೆರಿಯಮ್ಮ ನಿಂತಿದ್ದಳು. ಈ ಬೀದಿಯಲ್ಲಿ ಯಾರ ಮನೆಯ ಹಾಲು ಒಡೆದರೂ ಮೊದಲು ಗೊತ್ತಾಗುತ್ತಿದ್ದದ್ದು ಕೆರಿಯಮ್ಮನಿಗೆ. "ಭಾನುವಾರ ಹಿಂಗೆ ಓಡೋ ಗಂಡಸಲ್ಲ ನೀನು. ಎಂತ ಸಮಾಚಾರ?" ಎಂದು ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಈಗಷ್ಟೇ ರಾಘವೇಂದ್ರನೂ ಹಿಂಗೇ ಓಡಿದ."

ಶಿವರಾಮ ಸ್ಕೂಟರ್ ಒದ್ದು ಶುರುಮಾಡಿದ. ರಾಘವೇಂದ್ರ ಯಾಕೆ ಓಡಿದ? ಅವನಿಗೇನಾದರೂ ಗೊತ್ತಾಗಿದೆಯೇ?

ಕಾಲೇಜಿನ ಸಭಾಂಗಣದ ಮುಂದೆ ಶಾಮಿಯಾನ ಹಾಕಿದ್ದರು. ಒಂದು ಕಡೆ ಮಕ್ಕಳ ತೂಕ, ಎತ್ತರ ನೋಡುವ ಸಾಲು. ಇನ್ನೊಂದು ಕಡೆ ಕೈ ತೊಳೆಯುವುದನ್ನು ಕಲಿಸುವ ಆಟ. ಹಸಿರು ಟೀ ಶರ್ಟು ಹಾಕಿದ ಹುಡುಗ ಹುಡುಗಿಯರು ಅತ್ತಿಂದಿತ್ತ ಓಡಾಡುತ್ತಿದ್ದರು. ಒಳಗೆ ಬಾಗಿಲ ಹತ್ತಿರದ ಕೋಣೆಯಲ್ಲಿ ಭರಣಿಗಳು. ಬಾಗಿಲಿಗೆ ಅಡ್ಡವಾಗಿ ಕುರ್ಚಿ ಹಾಕಿಕೊಂಡು ದೀಪಕ್ ಎಂಬ ಹುಡುಗ ಕೂತಿದ್ದ. ಅವನ ಮುಖ ನೋಡಿದರೆ ಅಪ್ಪ ಬಂದರೂ ಒಳಗೆ ಬಿಡುವ ಹಾಗೆ ಕಾಣುತ್ತಿರಲಿಲ್ಲ.

"ಬಳಗದವರಿಗೆ ಮಾತ್ರ ಅಂಕಲ್."

"ಅಲ್ಲ ತಮ್ಮಾ, ನಮ್ಮನೆ ಭರಣಿ ಒಂದು ತಪ್ಪಿ ಬಂದುಬಿಟ್ಟಿದೆ. ವಾಪಸ್ ಬೇಕಿತ್ತು."

"ಕೊಟ್ಟಿದ್ದು ವಾಪಸ್ ಇಲ್ಲ. ಹೋದ ಸಲ ಸಾಗರದಲ್ಲಿ ಹಿಂಗೇ ಒಬ್ರು ವಾಪಸ್ ತಗೊಂಡು, ಬರೀ ಉಪ್ಪುನೀರು ತುಂಬಿ ತಂದಿಟ್ರು."

ಶಿವರಾಮನಿಗೆ ಇನ್ನೊಂದು ಉಪಾಯ ಹೊಳೆಯಿತು. ದನಿ ತಗ್ಗಿಸಿ, "ಅದು ಕೆಟ್ಟಿದೆ ಮಾರಾಯ. ಹುಳ ಬಿದ್ದಿದೆ," ಎಂದ.

"ಹುಳ ಬಿದ್ದಿದ್ದಾ?" ದೀಪಕನ ದನಿ ತಗ್ಗಲಿಲ್ಲ. "ಮಕ್ಕಳ ಆರೋಗ್ಯಕ್ಕೆ ಅಂತ ಕೇಳಿದ್ರೆ ಹುಳ ಬಿದ್ದಿದ್ದು ಕೊಟ್ರಾ? ಲಿಖಿತಾ, ಬಾರೇ ಇಲ್ಲಿ!"

ಬಳಗದ ಮುಖ್ಯಸ್ಥೆ ಲಿಖಿತಾ ಬಂದಳು. ತೂಕದ ಸಾಲಿನಲ್ಲಿದ್ದ ತಾಯಂದಿರು ಮಕ್ಕಳನ್ನು ಎತ್ತಿಕೊಂಡೇ ಇತ್ತ ತಿರುಗಿದರು. "ಸುಮನಕ್ಕ ನಮ್ಮ ಎದುರೇ ಒಂದು ಮಿಡಿ ತಿಂದು ತೋರಿಸಿದ್ರಲ್ಲ," ಎಂದಳು ಲಿಖಿತಾ. "ಹುಳ ಇದ್ರೆ ಈಗಲೇ ಎಲ್ಲರ ಮುಂದೆ ಬಿಚ್ಚಿ ನೋಡೋಣ. ಅಧ್ಯಕ್ಷರು ಬಂದ ತಕ್ಷಣ ಮೊದಲು ಅದನ್ನೇ ತೋರಿಸ್ತೀನಿ."

"ಬೇಡ ಬೇಡ! ಹುಳ ಅಲ್ಲ, ಸಾಸಿವೆ ಇರ್ಬೇಕು. ನನ್ನ ಕಣ್ಣೇ ಸರಿ ಇಲ್ಲ," ಎಂದು ಶಿವರಾಮ ಹಿಂದಕ್ಕೆ ಸರಿದ. ದೀಪಕ್ ಅವನನ್ನು ಒಂದು ಥರಾ ನೋಡಿದ. ಅಲ್ಲಿಂದ ಮುಂದೆ ಇಡೀ ದಿನ ಅವನು ಶಿವರಾಮನನ್ನು ಅದೇ ಥರಾ ನೋಡಿದ.

ಒಳಗೆ ಹೋಗಬೇಕಾದರೆ ಬಳಗದವನೇ ಆಗಬೇಕು. ಶಿವರಾಮ ಲಿಖಿತಾಳ ಹಿಂದೆ ಬಿದ್ದ. "ನಾನೂ ಸೇವೆ ಮಾಡ್ತೀನಮ್ಮ. ಮಕ್ಕಳು ಅಂದ್ರೆ ನಂಗೆ ಪ್ರಾಣ."

"ಅಯ್ಯೋ, ಬನ್ನಿ ಅಂಕಲ್! ರಾಘವೇಂದ್ರ ಅಂಕಲ್ ಕೂಡ ಈಗ ಸ್ವಲ್ಪ ಮುಂಚೆ ಹಿಂಗೇ ಬಂದು ಸೇರಿದ್ರು."

ಶಿವರಾಮ ತಿರುಗಿ ನೋಡಿದ. ತೂಕದ ಯಂತ್ರದ ಪಕ್ಕದಲ್ಲಿ ಹಸಿರು ಟೀ ಶರ್ಟಿನಲ್ಲಿ ರಾಘವೇಂದ್ರ ನಿಂತಿದ್ದ. ಕೈ ಮಗುವನ್ನು ಎತ್ತಿ ಕೂರಿಸುತ್ತಿತ್ತು, ಕಣ್ಣು ಮಾತ್ರ ಭರಣಿಯ ಕೋಣೆಯ ಮೇಲಿತ್ತು. ಶಿವರಾಮನನ್ನು ಕಂಡು ಬೆಚ್ಚಿದ.

"ಎಂತ ಶಿವರಾಮಣ್ಣ, ನೀವು ಇಲ್ಲಿ?"

"ಸೇವೆಗೆ. ನೀನು?"

"ನಾನೂ ಸೇವೆಗೇ."

ಇಬ್ಬರೂ ನಕ್ಕರು. ಇಬ್ಬರಿಗೂ ನಗು ಬಂದಿರಲಿಲ್ಲ. ಇವನಿಗೆ ಎಲ್ಲವೂ ಗೊತ್ತಾಗಿದೆ, ನನ್ನ ಕಾವಲಿಗೇ ಬಂದಿದ್ದಾನೆ, ಅಧ್ಯಕ್ಷರ ಮುಂದೆ ನನ್ನನ್ನು ಹಿಡಿದುಕೊಟ್ಟು ಕೆಲಸ ಹೊಡೆಯಲು ಹೊಂಚು ಹಾಕಿದ್ದಾನೆ ಎಂದು ಶಿವರಾಮನಿಗೆ ಖಾತ್ರಿಯಾಯಿತು.

ಉಳಿದಿದ್ದ ಟೀ ಶರ್ಟು ಒಂದೇ, ಅದೂ ಸಣ್ಣ ಅಳತೆಯದು. ಹೊಟ್ಟೆಯ ಮೇಲೆ 'ಚಿಗುರು' ಎಂಬ ಅಕ್ಷರಗಳು ಹಿಗ್ಗಿ ಬಿರಿದು ನಿಂತವು. ಒಳಗೆ ಹೋಗುವ ಕೆಲಸ ಸಿಗಬಹುದೆಂದು ಕಾದವನಿಗೆ ಲಿಖಿತಾ ರಟ್ಟಿನ ಕೊಂಬು, ಕೆಂಪು ಬಾಲ ಕೊಟ್ಟಳು. ಕೈ ತೊಳೆಯುವ ಆಟದಲ್ಲಿ ಕ್ರಿಮಿಯಾಗಬೇಕಿದ್ದ ಹುಡುಗನಿಗೆ ಜ್ವರ ಬಂದಿತ್ತಂತೆ.

ಕ್ರಿಮಿಯ ಕೆಲಸ ಸುಲಭ. 'ಹಾ ಹಾ, ನಾನು ನಿಮ್ಮ ಉಗುರಿನೊಳಗೆ ಇದ್ದೇನೆ' ಎಂದು ಕಿರುಚುವುದು, ಮಕ್ಕಳು ಸೋಪಿನ ನೀರು ಎರಚಿದ ಕೂಡಲೇ ಸಾಯುವುದು. ಮಕ್ಕಳಿಗೆ ಅವನು ಸಾಯುವುದು ಎಷ್ಟು ಹಿಡಿಸಿತೆಂದರೆ ಮತ್ತೆ ಮತ್ತೆ ಎಬ್ಬಿಸಿ ಸಾಯಿಸಿದರು. ಒಂದು ಪುಟ್ಟ ಹುಡುಗಿ ಬಕೆಟ್ಟನ್ನೇ ತಂದು ಸುರಿದಳು. ಕಣ್ಣಿಗೆ ಸೋಪು ಹೋಗಿ ಶಿವರಾಮ ಕುರುಡನಂತೆ ತಡಕಾಡುತ್ತಿರುವಾಗ ಕಿವಿಯ ಬಳಿ ಕೆರಿಯಮ್ಮನ ದನಿ ಕೇಳಿಸಿತು.

"ಸುಮನಾ ಮನೇಲಿ ಏನಾದ್ರೂ ಅಂದ್ಲಾ? ಹಿಂಗೆ ಬಾಲ ಕಟ್ಕೊಂಡು ಕುಣಿಯೋವಷ್ಟು ಎಂತ ಬಂತು ನಿಂಗೆ?"

"ಮಕ್ಕಳ ಆರೋಗ್ಯ ಕೆರಿಯಮ್ಮ."

"ಹ್ಞಾ, ಹ್ಞಾ. ಬೀದೀಲಿ ಮಕ್ಕಳ ಚೆಂಡು ಅಂಗಳಕ್ಕೆ ಬಿದ್ರೆ ಕೊಡದ ಗಂಡಸು ನೀನು," ಎಂದು ಕೆರಿಯಮ್ಮ ಹತ್ತಿರದ ಬೆಂಚಿನಲ್ಲೇ ಕೂತಳು. ಏನೋ ಇದೆ, ಅದು ಹೊರಬೀಳುವವರೆಗೆ ತಾನು ಏಳುವುದಿಲ್ಲ ಎಂಬಂತೆ ಕೂತಳು.

ಅಷ್ಟರಲ್ಲಿ ಗೇಟಿನಲ್ಲಿ ಜೀಪಿನ ಸದ್ದು. "ಅಧ್ಯಕ್ಷರು ಬಂದ್ರು!" ಎಂದು ಕೂಗಾಯಿತು. ಬಳಗವೆಲ್ಲ ಅತ್ತ ಓಡಿತು. ರಾಘವೇಂದ್ರನ ಕೈಗೆ ಯಾರೋ ಹಾರದ ತಟ್ಟೆ ಕೊಟ್ಟು ಎಳೆದುಕೊಂಡು ಹೋದರು. ಅವನು ಕೋಣೆಯ ಕಡೆಗೇ ಕತ್ತು ತಿರುಗಿಸಿಕೊಂಡು ಹೋದ. ದೀಪಕ್ ಕೂಡ ಮೈಕು ಸರಿಮಾಡಲು ಎದ್ದ. ಶಿವರಾಮ ಬಾಲ ಕೈಯಲ್ಲಿ ಹಿಡಿದುಕೊಂಡು ಕೋಣೆಯೊಳಗೆ ನುಗ್ಗಿದ.

ಒಳಗೆ ಮೇಜಿನ ಮೇಲೆ ಸಾಲುಸಾಲು ಭರಣಿ. ಪ್ರತಿಯೊಂದರ ಕತ್ತಿಗೂ ದಾರದಲ್ಲಿ ಕಟ್ಟಿದ ಹೆಸರಿನ ಚೀಟಿ. ತನ್ನದನ್ನು ಕಂಡ. ಎತ್ತಿಕೊಂಡು ಹೋಗೋಣವೆಂದರೆ ಎಲ್ಲಿ ಬಚ್ಚಿಡುವುದು? ಟೀ ಶರ್ಟಿನೊಳಗೆ ಅವನೇ ಸರಿಯಾಗಿ ಹಿಡಿಸುತ್ತಿರಲಿಲ್ಲ. ಕಿಟಕಿಗೆ ಸರಳು. ಹೊರಗೆ ಚಪ್ಪಾಳೆ ಶುರುವಾಗಿತ್ತು.

ಆಗ ಪಕ್ಕದ ಭರಣಿ ಕಣ್ಣಿಗೆ ಬಿತ್ತು. ಅದೇ ಅಳತೆ, ಅದೇ ಬಿಳಿ ಮೈ, ಅದೇ ಕಂದು ಮುಚ್ಚಳ. ಸಾಗರದ ಒಂದೇ ಅಂಗಡಿಯಿಂದ ಸುಮನಾ ಮತ್ತು ರಾಘವೇಂದ್ರನ ಹೆಂಡತಿ ಜೊತೆಯಾಗಿ ಹೋಗಿ ತಂದ ಜೋಡಿ ಭರಣಿ. ಚೀಟಿಯಲ್ಲಿ 'ರಾಘವೇಂದ್ರ' ಎಂದಿತ್ತು.

ಶಿವರಾಮನ ಕೈ ತಡೆಯಿತು. ರಾಘವೇಂದ್ರನಿಗೂ ಹೆಂಡತಿ ಮಕ್ಕಳಿದ್ದಾರೆ. ಮಳೆಗಾಲದಲ್ಲಿ ಸ್ಕೂಟರ್ ಕೆಟ್ಟಾಗ ಮನೆಯವರೆಗೂ ತಳ್ಳಿಕೊಂಡು ಬಂದವನು. ಪಾಪ ಎನ್ನಿಸಿತು. ಆದರೆ ಬೆಳಿಗ್ಗೆಯಿಂದ ತನ್ನ ಕತ್ತಿಗೆ ಹೊಂಚು ಹಾಕಿಕೊಂಡು ಕೂತವನೂ ಇವನೇ ಅಲ್ಲವೇ? ಪಾಪ ಎನ್ನಿಸಿದ್ದು ಅಲ್ಲಿಗೇ ಮುಗಿಯಿತು. ಶಿವರಾಮ ಎರಡೂ ದಾರ ಬಿಚ್ಚಿ, ತನ್ನ ಚೀಟಿಯನ್ನು ಅವನ ಭರಣಿಗೆ, ಅವನ ಚೀಟಿಯನ್ನು ತನ್ನ ಭರಣಿಗೆ ಕಟ್ಟಿದ. ಇನ್ನು ಕದ್ದ ಮಿಡಿ ರಾಘವೇಂದ್ರನದು.

"ಎಂತ ಮಾಡ್ತಿದೀರಿ ಅಂಕಲ್?"

ಬಾಗಿಲಲ್ಲಿ ದೀಪಕ್.

"ದಾರ ಸಡಿಲ ಆಗಿತ್ತು ತಮ್ಮಾ. ಬಿಗಿಯಾಗಿ ಕಟ್ಟಿದೆ. ಆಮೇಲೆ ಯಾರಾದ್ರೂ ಚೀಟಿ ಬದಲಾಯಿಸಿದ್ರೆ?"

ದೀಪಕ್ ಒಂದು ಕ್ಷಣ ಯೋಚಿಸಿದ. "ಅದೂ ಸರಿನೇ," ಎಂದು ಜೇಬಿನಿಂದ ಟೇಪು ತೆಗೆದು, ಎಲ್ಲ ಚೀಟಿಗಳ ಮೇಲೂ ಸುತ್ತು ಹಾಕಿ ಅಂಟಿಸಿಬಿಟ್ಟ. "ಒಳ್ಳೇ ಐಡಿಯಾ ಕೊಟ್ರಿ. ನಾನು ನಿಮ್ಮನ್ನ ಸುಮ್ನೆ ಅನುಮಾನ ಪಟ್ಟೆ."

ಶಿವರಾಮನ ಎದೆಯ ಮೇಲಿಂದ ಗೊಬ್ಬರದ ಮೂಟೆ ಇಳಿಸಿದ ಹಾಗಾಯಿತು. ಸಭೆಯಲ್ಲಿ ಮುಂದಿನ ಸಾಲಿನಲ್ಲೇ ಹೋಗಿ ಕೂತ. ಕೊಂಬು ತೆಗೆಯುವುದನ್ನು ಮರೆತಿದ್ದ.

ವೇದಿಕೆಯಲ್ಲಿ ಬೆಳ್ಳಪ್ಪನವರು ಕೂತರು. ಅವರ ಅಂಗಿಗೆ ದೀಪಕ್ ಸಣ್ಣ ಮೈಕು ಸಿಕ್ಕಿಸಿದ್ದರಿಂದ ಅವರು ಅಗಿಯುವ ಸದ್ದೂ ಸಭಾಂಗಣಕ್ಕೆಲ್ಲ ಕೇಳುತ್ತಿತ್ತು. ಲಿಖಿತಾ ಒಂದೊಂದೇ ಭರಣಿಯನ್ನು ತಂದು, ಚೀಟಿ ಕಾಣದಂತೆ ತಿರುಗಿಸಿಟ್ಟು, ತಟ್ಟೆಗೆ ಒಂದು ಮಿಡಿ ಹಾಕುತ್ತಿದ್ದಳು. ಅವರು ಮರ ಹೇಳಿದ ಮೇಲೆ ಹೆಸರು ಓದುತ್ತಿದ್ದಳು.

ಮೊದಲನೆಯದನ್ನು ಕಚ್ಚಿ, "ಹುಂಚದ ಕಡೇದು. ಉಪ್ಪು ಒಂದು ಹಿಡಿ ಜಾಸ್ತಿ," ಎಂದರು.

"ನನ್ನ ತವರುಮನೆ ಮರ!" ಎಂದು ಕೆರಿಯಮ್ಮ ಎದ್ದು ನಿಂತಳು. "ಉಪ್ಪು ಜಾಸ್ತಿ ಆಗಿದ್ದು ಸೊಸೆಯಿಂದ."

ಎರಡನೆಯದನ್ನು ಮೂಸಿ ನೋಡಿ ತಟ್ಟೆ ದೂಡಿದರು. "ಇದಕ್ಕೆ ಮರ ಇಲ್ಲ. ಅಂಗಡಿ ಪ್ಯಾಕೆಟ್ ಒಡೆದು ಭರಣಿಗೆ ಸುರಿದಿದಾರೆ." ಕಾಲೇಜಿನ ಪ್ರಾಂಶುಪಾಲರು ಫೋನ್ ಬಂತೆಂದು ಎದ್ದು ಹೊರಗೆ ಹೋದರು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

ಆಮೇಲೆ ಬಂತು ಜೋಡಿ ಭರಣಿಯಲ್ಲಿ ಒಂದು. ಅದರ ಮೂತಿಯಲ್ಲಿ ಸುಮನಾ ಒಮ್ಮೆ ಸೌಟು ತಾಗಿಸಿ ಚಕ್ಕೆ ಎಬ್ಬಿಸಿದ ಗುರುತಿತ್ತು, ಶಿವರಾಮ ಕೂತಲ್ಲಿಂದಲೇ ಗುರುತು ಹಿಡಿದ. ತನ್ನ ಮಿಡಿ. ಈಗ ರಾಘವೇಂದ್ರನ ಹೆಸರಿನದು. ಓರೆಗಣ್ಣಿನಲ್ಲಿ ನೋಡಿದರೆ ರಾಘವೇಂದ್ರ ಹಸಿರು ಟೀ ಶರ್ಟಿನ ಅಂಚಿನಿಂದ ಮುಖ ಒರೆಸಿಕೊಳ್ಳುತ್ತಿದ್ದ. ಅವನಿಗ್ಯಾಕೆ ಇಷ್ಟು ಬೆವರು ಎಂದು ಶಿವರಾಮನಿಗೆ ಸ್ವಲ್ಪ ಆಶ್ಚರ್ಯವಾಯಿತು.

ಬೆಳ್ಳಪ್ಪನವರು ಕಚ್ಚಿದರು. ಕಣ್ಣು ಮುಚ್ಚಿದರು. 

"ಮಾಸ್ತಿಕಟ್ಟೆ ರಸ್ತೆ ಬದಿಯ ಕಾಡುಮರ," ಎಂದರು ಬೆಳ್ಳಪ್ಪನವರು. "ಯಾರ ಹಂಗೂ ಇಲ್ಲದ್ದು. ಯಾರು ಬೇಕಾದ್ರೂ ಕೊಯ್ಯಬಹುದು. ಮಸಾಲೆ ಹಿತವಾಗಿದೆ. ಯಾರ ಮನೇದಮ್ಮಾ?"

"ರಾಘವೇಂದ್ರ ಅಂಕಲ್‌ದು," ಎಂದು ಲಿಖಿತಾ ಓದಿದಳು.

"ಭೇಷ್ ರಾಘವೇಂದ್ರ. ಕಂಡವರ ಮರಕ್ಕೆ ಕೈ ಹಾಕದೆ ಕಾಡಿಗೆ ಹೋಗಿ ಕೊಯ್ಕೊಂಡು ಬಂದಿದೀಯ. ಹಿಂಗಿರ್ಬೇಕು ಮನುಷ್ಯ."

ಚಪ್ಪಾಳೆ ಬಿತ್ತು. ರಾಘವೇಂದ್ರ ಬಾಯಿ ತೆರೆದುಕೊಂಡು ನಿಂತಿದ್ದ. ಶಿವರಾಮನೂ ಹಾಗೇ ಕೂತಿದ್ದ. ಮುದುಕನ ನಾಲಿಗೆ ಕೆಟ್ಟಿತೇ? ಮಾಸ್ತಿಕಟ್ಟೆ ಎಲ್ಲಿಂದ ಬಂತು? ಏನೋ ಒಂದು, ಪೀಡೆ ಕಳೆಯಿತು, ನಾಲಿಗೆ ಕೆಟ್ಟಿದ್ದೇ ಒಳ್ಳೆಯದಾಯಿತು ಎಂದುಕೊಂಡ.

ಮುಂದಿನ ಮಿಡಿಯನ್ನು ಕಚ್ಚಿದ ಬೆಳ್ಳಪ್ಪನವರು ಅಗಿಯುವುದನ್ನು ನಿಲ್ಲಿಸಿದರು. ಇನ್ನೊಮ್ಮೆ ಕಚ್ಚಿದರು. ತೊಟ್ಟನ್ನು ಬೆರಳಲ್ಲಿ ಹಿಚುಕಿ ಮೂಸಿದರು. ಮೈಕಿನಲ್ಲಿ ಅವರ ಉಸಿರು ಮಾತ್ರ ಕೇಳುತ್ತಿತ್ತು.

"ಇದು ನನ್ನ ಮಿಡಿ," ಎಂದರು. "ಹೊಳೆಬದಿ ಮರ. ನೀರಿನ ಕಡೆ ಚಾಚಿದ ಕೊಂಬೆ. ಇಷ್ಟು ವರ್ಷ ಮದುವೆಮನೆ, ತಿಥಿಮನೆ ಅಂತ ಕಾಯ್ತಿದ್ದೆ. ಕೊನೆಗೂ ಬಡಿಸಿದನಲ್ಲ! ಓದಮ್ಮಾ ಹೆಸರು."

ಲಿಖಿತಾ ಭರಣಿ ತಿರುಗಿಸಿದಳು. ಚೀಟಿಯ ಮೇಲೆ ಕಣ್ಣಾಡಿಸಿ, ಮುಂದಿನ ಸಾಲಿನಲ್ಲಿದ್ದ ರಟ್ಟಿನ ಕೊಂಬಿನ ಕಡೆ ನೋಡಿದಳು. ಅವಳ ನೋಟ ಹಿಡಿದುಕೊಂಡು ಇಡೀ ಸಭೆ ಅತ್ತ ತಿರುಗಿತು.

"ನಂಗೆ ಬೆಳಿಗ್ಗೇನೇ ಗೊತ್ತಿತ್ತು, ಏನೋ ಇದೆ ಅಂತ!" ಎಂದಳು ಕೆರಿಯಮ್ಮ.

ಶಿವರಾಮ ಎದ್ದ.  ಅದು ನನ್ನದಲ್ಲ ಎನ್ನೋಣವೆಂದರೆ ಹೆಸರು ಅವನದೇ, ಮೇಲೆ ಟೇಪು, ಟೇಪು ಸುತ್ತಿಸಿದ್ದೂ ಅವನೇ.

"ಅಧ್ಯಕ್ಷ್ರೇ, ಅದು... ಹಂಗಲ್ಲ..."

"ಮತ್ತೆ ಹೆಂಗೆ?" ಬೆಳ್ಳಪ್ಪನವರ ದನಿಯಲ್ಲಿ ಸಿಟ್ಟಿಗಿಂತ ಬೇಜಾರು ಹೆಚ್ಚಿತ್ತು, ಅದೇ ಇನ್ನೂ ಚುಚ್ಚಿತು. "ನಂಬಿಗಸ್ತ ಅಂತ ಊರೆಲ್ಲ ಹೇಳ್ಕೊಂಡು ಬಂದೆನಲ್ಲೋ ನಿನ್ನ. ಕೇಳಿದ್ರೆ ಒಂದು ಬುಟ್ಟಿ ನಾನೇ ಕಳಿಸ್ತಿದ್ದೆ. ನಾಳೆ ಸಭೆಗೆ ನೀನು ಬರೋದು ಬೇಡ. ರಾಘವೇಂದ್ರ, ನೀನು ಬಾ." ಆಮೇಲೆ ಲಿಖಿತಾಳ ಕಡೆ ತಿರುಗಿ, "ಮಿಡಿಗೇನು ದೋಷ ಇಲ್ಲಮ್ಮ. ಮಾರಿ. ಮಕ್ಕಳ ಮಷೀನು ಬರ್ಲಿ," ಎಂದರು.

ಕದ್ದ ಮಿಡಿ ಎಂದಮೇಲೆ ಕೇಳಬೇಕೇ? ಅಧ್ಯಕ್ಷರೇ ಮುದ್ರೆ ಒತ್ತಿದ ಹೊಳೆಬದಿಯ ಮಿಡಿಗೆ ಜನ ಒಬ್ಬರ ಮೇಲೊಬ್ಬರು ಬಿದ್ದರು. ಆ ಒಂದು ಭರಣಿಯಿಂದಲೇ ಒಂದು ಮಷೀನಿನ ದುಡ್ಡು ಬಂತೆಂದು ಲಿಖಿತಾ ಕುಣಿದಾಡಿದಳು. ರಾಘವೇಂದ್ರ ಮಾತ್ರ ಯಾಕೋ ಶಿವರಾಮನ ಹತ್ತಿರ ಬಂದು, ಕಣ್ಣು ತಪ್ಪಿಸಿ, ಒಂದು ಲೋಟ ಮಜ್ಜಿಗೆ ಕೈಗಿಟ್ಟು ಹೋದ. ಮೇಳಕ್ಕೆಂದು ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದ ಸುಮನಾ ಅಷ್ಟು ಹೊತ್ತಿಗಾಗಲೇ ಎದ್ದು ಮನೆಗೆ ನಡೆದಿದ್ದಳು.

ಸ್ಕೂಟರ್ ಬಳಿ ನಿಂಗಪ್ಪ ಕಾಯುತ್ತಿದ್ದ. ಬಾಯಿಯ ಎಲೆಯಡಿಕೆ ಕವಳ ಉಗಿದು ಹತ್ತಿರ ಬಂದ.

"ಶಿವರಾಮಣ್ಣ, ನಂಗೆ ಸಂಕಟ ಆಗ್ತಿದೆ. ಒಂದು ವಿಷ್ಯ ಹೇಳಿಬಿಡ್ತೀನಿ. ನೀವು ಬೆಳ್ಳಪ್ಪಣ್ಣನ ಮಿಡಿ ಕದ್ದೇ ಇಲ್ಲ."

"ಎಂತ?"

"ಹೌದು ಮಾರಾಯ್ರೆ. ನೀವು ಹೇಳಿ ಕಳ್ಸಿದಾಗ ಆ ಮರ ಬೋಳಾಗಿತ್ತು. ಬೋಳು ಮಾಡಿದ್ದೂ ನಾನೇ. ಅದರ ಹಿಂದಿನ ವಾರ ರಾಘವೇಂದ್ರಣ್ಣನಿಗೆ ಇಳಿಸಿಕೊಟ್ಟಿದ್ದೆ. ಅವರೂ ನಿಮ್ಮ ಥರಾನೇ, ಯಾರಿಗೂ ಹೇಳ್ಬೇಡ ಅಂದಿದ್ರು. ನಿಮ್ಮ ಹತ್ರ ಇಸ್ಕೊಂಡಿದ್ದು ವಾಪಸ್ ಕೊಡೋಕೆ ಮನಸ್ಸು ಬರ್ಲಿಲ್ಲ. ಮಾಸ್ತಿಕಟ್ಟೆ ರಸ್ತೆಯಿಂದ ಕೊಯ್ದು ತಂದು ಕೊಟ್ಟೆ."

ಶಿವರಾಮ ಸ್ಕೂಟರ್ ಹಿಡಿದು ನಿಂತ. ಬೆಳಿಗ್ಗೆಯಿಂದ ಓಡಿದ್ದು, ಹುಳ ಎಂದದ್ದು, ಬಾಲ ಕಟ್ಟಿಕೊಂಡು ಸತ್ತದ್ದು, ಎಲ್ಲ ಒಂದು ಸುತ್ತು ತಲೆಯಲ್ಲಿ ತಿರುಗಿತು. ಮನೆಯಲ್ಲೇ ಕೂತು ಇನ್ನೊಂದು ದೋಸೆ ತಿಂದಿದ್ದರೆ 'ಭೇಷ್' ಎನ್ನಿಸಿಕೊಳ್ಳುತ್ತಿದ್ದವನು ತಾನು, ನಾಳೆ ಸಭೆಗೆ ಹೋಗುವವನೂ ತಾನು.

"ಈಗಲೇ ಬರ್ತೀನಿ ಅಧ್ಯಕ್ಷರ ಹತ್ರ," ಎಂದ ನಿಂಗಪ್ಪ. "ನನ್ನ ಹೆಸರು ಕೆಟ್ರೂ ಚಿಂತಿಲ್ಲ, ಎಲ್ಲ ಒಪ್ಕೊಳ್ತೀನಿ. ನಿಮ್ಮ ಪಾಡು ನೋಡೋಕಾಗಲ್ಲ. ಆದ್ರೆ ಅಣ್ಣಾ, ಒಂದು ನಂಗೆ ತಿಳೀತಿಲ್ಲ. ಅವರೂ ಅದನ್ನೇ ಕೇಳ್ತಾರೆ."

"ಎಂತದು?"

"ರಾಘವೇಂದ್ರಣ್ಣನ ಮಿಡಿ ನಿಮ್ಮ ಹೆಸರಿನ ಭರಣಿಗೆ ಹೆಂಗೆ ಬಂತು?"

ಶಾಮಿಯಾನದ ಕೆಳಗೆ ದೀಪಕ್ ಟೇಪಿನ ಸುರುಳಿಯನ್ನು ಬೆರಳಲ್ಲಿ ತಿರುಗಿಸುತ್ತ ಇತ್ತಲೇ ನೋಡುತ್ತಿದ್ದ. ಏನೋ ನೆನಪಾಗುತ್ತಿದ್ದವನಂತೆ ಅವನ ಹುಬ್ಬು ಗಂಟಿಕ್ಕಿತ್ತು.

ಶಿವರಾಮ ಬೇಗ ಬೇಗ ನಿಂಗಪ್ಪನ ಎರಡೂ ಕೈ ಹಿಡಿದುಕೊಂಡ.

"ಯಾರಿಗೂ ಎಂತದೂ ಹೇಳ್ಬೇಡ ಮಾರಾಯ, ನಿನ್ನ ದಮ್ಮಯ್ಯ. ಆ ಮಿಡಿ ಕದ್ದಿದ್ದು ನಾನೇ. ತಿಳೀತಾ? ನಾನೇ ಕದ್ದಿದ್ದು!"